ಲೈಸೆನ್ಸ್ ಕೈಗೆ ಬಂದ ಮೇಲೆ: ಬೈಕ್ ಸವಾರಿಯನ್ನು ಹಂತಹಂತವಾಗಿ ಪಳಗಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಡ್ರೈವಿಂಗ್ ಸ್ಕೂಲಿನ ತರಗತಿ ಮುಗಿಸಿ, ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿ ಲೈಸೆನ್ಸ್ ಪಡೆದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಅವರು ಕೈಚಳಕವನ್ನು ಬೆಳೆಸಿಕೊಳ್ಳುವ ಬದಲು ದೂರವನ್ನು ಬೆಳೆಸುತ್ತಾರೆ. ಎರಡನೇ ಭಾನುವಾರ ಗೆಳೆಯರ ಗುಂಪಿನೊಡನೆ ನಂದಿ ಬೆಟ್ಟ, ಎರಡನೇ ತಿಂಗಳಿಗೆ ಘಾಟಿ, ಮೂರನೇ ತಿಂಗಳಿಗೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮಳೆಯಲ್ಲಿ ಊರಿಗೆ. ಎಂಟು ಹಾಕುವಾಗ ಗಾಡಿಯ ವೇಗ ಗಂಟೆಗೆ 15 ಕಿಲೋಮೀಟರನ್ನೂ ದಾಟಿರುವುದಿಲ್ಲ. ತುರ್ತಾಗಿ ನಿಲ್ಲಿಸುವುದನ್ನೋ ಒದ್ದೆ ರಸ್ತೆಯ ತಿರುವನ್ನೋ ಆ ಮೈದಾನದಲ್ಲಿ ಯಾರೂ ಕೇಳಿರುವುದಿಲ್ಲ. ಸಾವಿರಾರು ಕಿಲೋಮೀಟರ್ ಓಡಿಸಿದರೆ ತಾನಾಗಿಯೇ ಅನುಭವ ಬರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ, ಏಕೆಂದರೆ ತಪ್ಪು ರೂಢಿಯೊಡನೆ ಅಷ್ಟು ದೂರ ಓಡಿಸಿದವರಲ್ಲಿ ಆ ತಪ್ಪೇ ಬೇರೂರಿರುತ್ತದೆ.

ಕೆಳಗಿನ ಏಳು ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಬೇಕು. ಒಂದು ಸಲಕ್ಕೆ ಒಂದೇ ಹೊಸತು ಎಂಬುದು ಎಲ್ಲ ಹಂತಗಳಿಗೂ ಅನ್ವಯಿಸುವ ನಿಯಮ. ಹೊಸ ರಸ್ತೆಯಾದರೆ ಒಣ ಹಗಲು, ಮಳೆಯಾದರೆ ದಿನವೂ ಓಡಾಡುವ ರಸ್ತೆ, ಹಿಂಬದಿ ಸವಾರರಿದ್ದರೆ ಇವೆರಡೂ ಗೊತ್ತಿರುವಂಥವು.

## ಮೊದಲ ದಿನಕ್ಕೆ ಮುಂಚೆ: ಜಾಗ, ಸಾಮಾನು, ಗಾಡಿ

ಅಭ್ಯಾಸಕ್ಕೆ ನೂರು ಮೀಟರಿನಷ್ಟು ನೇರವಾದ, ಸಮತಟ್ಟಾದ ಡಾಂಬರು ಅಥವಾ ಕಾಂಕ್ರೀಟ್ ಬೇಕು. ಸೈಟು ಮಾಡಿ ರಸ್ತೆ ಹಾಕಿ, ಮನೆಗಳು ಇನ್ನೂ ಏಳದಿರುವ ಹೊಸ ಬಡಾವಣೆಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಅಲ್ಲಿನವರ ಒಪ್ಪಿಗೆ ಕೇಳಿಕೊಂಡು, ಭಾನುವಾರ ಎಂಟು ಗಂಟೆಯೊಳಗೆ, ಅಂದರೆ ಹುಡುಗರು ಕ್ರಿಕೆಟ್ಟಿಗೆ ಬರುವ ಮುಂಚೆ, ಮುಗಿಸಿಬಿಡಬೇಕು. ಇಂಥ ರಸ್ತೆಗಳ ಮೇಲೆ ಜಲ್ಲಿ, ಮರಳು, ಬಾಟಲಿ ಚೂರು ಇರುವುದು ಸಾಮಾನ್ಯ. ಆದ್ದರಿಂದ ಗಾಡಿ ಹತ್ತುವ ಮೊದಲು ಪೊರಕೆ ಹಿಡಿದು ಒಮ್ಮೆ ನಡೆದು ಬನ್ನಿ. ತಮಾಷೆಯಾಗಿ ಕಂಡರೂ ಈ ಹತ್ತು ನಿಮಿಷ ಎಷ್ಟೋ ಮೊಣಕಾಲುಗಳನ್ನು ಉಳಿಸಿದೆ.

ಅರ್ಧಕ್ಕೆ ಕತ್ತರಿಸಿದ ಹಳೆಯ ಟೆನಿಸ್ ಚೆಂಡುಗಳು ಹತ್ತು ಹನ್ನೆರಡು, ಅಳತೆ ಟೇಪು, ಸೀಮೆಸುಣ್ಣ, ಟೈರಿನ ಗಾಳಿ ನೋಡುವ ಗೇಜು, ಒಂದು ಸಣ್ಣ ನೋಟ್‌ಬುಕ್, ಇಷ್ಟಿದ್ದರೆ ಸಾಕು. ಗುರುತಿಗೆಂದು ಇಟ್ಟಿಗೆ, ಕಲ್ಲು ಇಡಬಾರದು. ಚಕ್ರ ಹತ್ತಿದರೆ ಬೀಳುವುದು ಖಂಡಿತ. ರಂಗೋಲಿ ಪುಡಿಯಲ್ಲಿ ಗೆರೆ ಎಳೆಯುವ ಆಸೆಯನ್ನೂ ಬಿಡಬೇಕು, ಬ್ರೇಕ್ ಹಿಡಿಯುವ ಜಾಗದಲ್ಲಿ ಆ ಪುಡಿಯೇ ಮರಳಿನಂತೆ ಟೈರನ್ನು ಜಾರಿಸುತ್ತದೆ. ನೋಡಲು ಒಬ್ಬರು ಜೊತೆಗಿದ್ದರೆ ಒಳ್ಳೆಯದು.

ಹೆಲ್ಮೆಟ್ ಪೂರ್ಣ ಮುಖ ಮುಚ್ಚುವಂಥದ್ದಾಗಿರಲಿ, ಅದರ ಮೇಲೆ ಐಎಸ್ 4151 ಎಂಬ ಸಂಖ್ಯೆಯೊಡನೆ ಐಎಸ್ಐ ಮುದ್ರೆ ಇರಲಿ. ತೊಟ್ಟುಕೊಂಡು ಅಲುಗಾಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಸರಿದರೆ ಅಳತೆ ಸರಿಯಾಗಿದೆ. ಹೆಲ್ಮೆಟ್ ಮಾತ್ರ ತಿರುಗಿದರೆ ದೊಡ್ಡದಾಯಿತು. ಬೀಳುವಾಗ ಮೊದಲು ನೆಲಕ್ಕೆ ಊರುವುದು ಅಂಗೈ, ಆದ್ದರಿಂದ ಗ್ಲೌಸ್ ಮೈದಾನದಲ್ಲೂ ಬೇಕು. ಚಪ್ಪಲಿ ಬೇಡ, ಹಿಮ್ಮಡಿಯ ಗಂಟು ಮುಚ್ಚುವ ಶೂ ಬೇಕು.

ಗಾಡಿಯ ಟೈರುಗಳು ತಣ್ಣಗಿರುವಾಗಲೇ ಗಾಳಿ ನೋಡಬೇಕು. ಎಷ್ಟಿರಬೇಕೆಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಬ್ರೇಕ್ ಮತ್ತು ಕ್ಲಚ್ ಲಿವರುಗಳ ಕೋನವನ್ನು, ನೀವು ಕೂತಾಗ ಮುಂಗೈ ಮತ್ತು ಬೆರಳುಗಳು ಒಂದೇ ಗೆರೆಯಲ್ಲಿ ಬರುವಂತೆ, ಮೆಕ್ಯಾನಿಕ್ ಹತ್ತಿರ ಐದು ನಿಮಿಷದಲ್ಲಿ ಸರಿಮಾಡಿಸಿಕೊಳ್ಳಬಹುದು. ಶೋರೂಮಿನಿಂದ ಬಂದ ಹಾಗೆಯೇ ವರ್ಷಗಟ್ಟಲೆ ಓಡಿಸಿ, ಮಣಿಕಟ್ಟು ನೋವೆನ್ನುವವರು ಬಹಳ ಮಂದಿ.

## ಹಂತ 1: ನಿಲ್ಲಿಸುವುದು

ಹಲವರು ಯು-ಟರ್ನಿನಿಂದ ಆರಂಭಿಸಲು ಹೇಳುತ್ತಾರೆ. ನಾನು ಬ್ರೇಕಿನಿಂದ ಆರಂಭಿಸಲು ಹೇಳುತ್ತೇನೆ, ಏಕೆಂದರೆ ಯು-ಟರ್ನ್ ಬರದಿದ್ದರೆ ಹಿಂದಿನವರ ಹಾರ್ನ್ ಕೇಳಬೇಕಾಗುತ್ತದೆ, ಅಷ್ಟೇ. ಬ್ರೇಕ್ ಬರದಿದ್ದರೆ ಮೂಳೆ ಮುರಿಯುತ್ತದೆ.

ಬ್ರೇಕ್ ಹಿಡಿದ ಕೂಡಲೇ ಗಾಡಿಯ ಮತ್ತು ನಿಮ್ಮ ಭಾರ ಮುಂದಿನ ಚಕ್ರದತ್ತ ಸರಿಯುತ್ತದೆ. ಮುಂದಿನ ಟೈರು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದು. “ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೀಯ” ಎಂದು ಮನೆಯ ಹಿರಿಯರು ಹೇಳಿಕೊಟ್ಟದ್ದನ್ನು ನಂಬಿ ಹಿಂದಿನ ಬ್ರೇಕೊಂದನ್ನೇ ತುಳಿಯುವುದು ನಮ್ಮ ಕಡೆ ತಲೆತಲಾಂತರದ ರೂಢಿ. ಜಾರಿಸುವುದು ಮುಂದಿನ ಬ್ರೇಕಲ್ಲ, ಅದನ್ನು ಒಮ್ಮೆಲೇ ಕಚ್ಚಿ ಹಿಡಿಯುವುದು. ನಿಂಬೆಹಣ್ಣು ಹಿಂಡುವಾಗ ಬೆರಳುಗಳು ಮೊದಲು ಮೆಲ್ಲಗೆ ಕೂತು ಆಮೇಲೆ ಬಿಗಿಯುತ್ತವಲ್ಲ, ಲಿವರನ್ನೂ ಹಾಗೆಯೇ ಹಿಂಡಬೇಕು: ಭಾರ ಮುಂದಕ್ಕೆ ಬರಲು ಒಂದು ಕ್ಷಣ ಕೊಟ್ಟು, ಬಳಿಕ ಬಿಗಿಯನ್ನು ಏರಿಸುತ್ತ ಹೋಗಬೇಕು.

ಅಭ್ಯಾಸ ಹೀಗಿರಲಿ. ರಸ್ತೆಯ ಒಂದು ಕಡೆ ಎರಡು ಚೆಂಡುಗಳನ್ನಿಟ್ಟು ಬಾಗಿಲು ಮಾಡಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಬಂದು, ಮುಂದಿನ ಚಕ್ರ ಬಾಗಿಲು ದಾಟಿದಾಗ ಥ್ರಾಟಲ್ ಮುಚ್ಚಿ, ಎರಡೂ ಬ್ರೇಕು ಹಿಡಿದು, ನಿಲ್ಲುವ ಹೊತ್ತಿಗೆ ಕ್ಲಚ್ ಒತ್ತಿ ಎಡಗಾಲು ಊರಿ. ಕಣ್ಣು ದೂರದಲ್ಲಿರಲಿ, ಮುಂದಿನ ಚಕ್ರವನ್ನು ನೋಡಿದರೆ ಹ್ಯಾಂಡಲ್ ಅಲ್ಲಾಡುತ್ತದೆ. ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿ ಹಿಡಿದರೆ ಮೈಭಾರ ಕೈಗಳ ಮೇಲೆ ಬೀಳುವುದಿಲ್ಲ. ನಿಂತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅಳೆದು, ಬರೆದುಕೊಳ್ಳಿ. ಹತ್ತು ಸಲ ಸತತವಾಗಿ ಅರ್ಧ ಮೀಟರಿನ ವ್ಯತ್ಯಾಸದೊಳಗೆ ನಿಂತ ಮೇಲೆಯೇ 30ಕ್ಕೆ, ಆಮೇಲೆ 40ಕ್ಕೆ ಏರಬೇಕು.

ಒಣ ರಸ್ತೆಯಲ್ಲಿ, ಅಭ್ಯಾಸವಿರುವ ಕೈ 30ರ ವೇಗದಿಂದ ಸುಮಾರು 7 ಮೀಟರಿನಲ್ಲಿ, 40ರಿಂದ ಸುಮಾರು 12 ಮೀಟರಿನಲ್ಲಿ ನಿಲ್ಲಿಸಬಲ್ಲದು. 60ಕ್ಕೆ ಇದು 28 ಮೀಟರಿನ ಹತ್ತಿರ ಹೋಗುತ್ತದೆ, ಏಕೆಂದರೆ ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಇದಕ್ಕೆ ಅಪಾಯವನ್ನು ಕಂಡು ಬೆರಳು ಲಿವರಿಗೆ ಹೋಗುವ ಒಂದು ಸೆಕೆಂಡನ್ನು ಸೇರಿಸಿ: 60ರ ವೇಗದಲ್ಲಿ ಆ ಸೆಕೆಂಡಿಗೇ 16 ಮೀಟರಿಗಿಂತ ಹೆಚ್ಚು ದೂರ ಕಳೆದಿರುತ್ತದೆ.

ನಿಮ್ಮ ಗಾಡಿಯಲ್ಲಿ ಯಾವ ಬ್ರೇಕ್ ವ್ಯವಸ್ಥೆಯಿದೆ ಎಂದು ತಿಳಿದುಕೊಳ್ಳಿ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ಹೆಚ್ಚಿನ ಗಾಡಿಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ತಿರುಗುವುದು ನಿಂತು ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವುಗಳಿಗೆ ಎರಡೂ ಚಕ್ರಗಳ ಬ್ರೇಕನ್ನು ಜೋಡಿಸುವ ಸಿಬಿಎಸ್ ಬಂತು. ಎಬಿಎಸ್ ಇದ್ದರೆ ಲಿವರು ಅಥವಾ ಪೆಡಲು ಬೆರಳಿಗೆ, ಪಾದಕ್ಕೆ ಟಕಟಕ ಹೊಡೆದುಕೊಳ್ಳುತ್ತದೆ. ಹೆದರಿ ಬಿಡಬಾರದು, ಒತ್ತಿಯೇ ಇರಬೇಕು. ಎಬಿಎಸ್ ಇಲ್ಲದ ಗಾಡಿಯಲ್ಲಿ ಮುಂದಿನ ಚಕ್ರ ಲಾಕ್ ಆದರೆ ಆ ಕ್ಷಣವೇ ಬಿಟ್ಟು ಮತ್ತೆ ಮೆಲ್ಲಗೆ ಹಿಡಿಯಬೇಕು. ಹಿಂದಿನದು ಲಾಕ್ ಆಗಿ ಗಾಡಿಯ ಬಾಲ ಪಕ್ಕಕ್ಕೆ ಹೋಗಿಬಿಟ್ಟಿದ್ದರೆ ಪೆಡಲನ್ನು ತಟ್ಟನೆ ಬಿಡುವುದು ಅಪಾಯ: ಟೈರು ಒಮ್ಮೆಲೇ ನೆಲ ಕಚ್ಚಿ ಸವಾರನನ್ನು ಇನ್ನೊಂದು ಪಕ್ಕಕ್ಕೆ ಎಸೆಯುತ್ತದೆ.

## ಹಂತ 2: ನಡಿಗೆಯ ವೇಗದ ಹತೋಟಿ

ಇಲ್ಲಿ ಕೆಲಸ ಮಾಡುವುದು ಮೂರು: ಹಾಫ್ ಕ್ಲಚ್ (ಲಿವರನ್ನು ಅರ್ಧ ಮಾತ್ರ ಬಿಟ್ಟು ಹಿಡಿಯುವುದು), ಹಿಂದಿನ ಬ್ರೇಕಿನ ಮೇಲೆ ಹಗುರಾದ ಪಾದ, ಹೋಗಬೇಕಾದ ಕಡೆಗೆ ತಿರುಗಿದ ಕತ್ತು. ಎಂಜಿನ್ ಸದ್ದು ಏರಿಳಿಯದಂತೆ ಥ್ರಾಟಲನ್ನು ಒಂದೇ ಸಮನಾಗಿ ಹಿಡಿದು, ವೇಗವನ್ನು ಕ್ಲಚ್ ಮತ್ತು ಹಿಂದಿನ ಬ್ರೇಕಿನಿಂದಲೇ ನಿಯಂತ್ರಿಸಬೇಕು. ಮೊದಲು ಇಪ್ಪತ್ತು ಮೀಟರ್ ನೇರ ದೂರವನ್ನು ಕಾಲು ಊರದೆ ಎಷ್ಟು ನಿಧಾನವಾಗಿ ದಾಟಬಲ್ಲಿರಿ ಎಂದು ನೋಡಿ. ನಂತರ ಎಂಟು ಮೀಟರ್ ಅಗಲದಲ್ಲಿ ಯು-ಟರ್ನ್. ಅದು ಬಂದ ಮೇಲೆ ಏಳು, ಆರು. ಗಾಡಿ ಒಳಕ್ಕೆ ವಾಲಿದಾಗ ನೀವು ಸೀಟಿನ ಹೊರಬದಿಗೆ ಸ್ವಲ್ಪ ಸರಿದು ಕೂತರೆ ಸಮತೋಲ ಉಳಿಯುತ್ತದೆ. ಗೇರಿಲ್ಲದ ಸ್ಕೂಟರಿನವರು ಥ್ರಾಟಲನ್ನು ಅಲ್ಪವಾಗಿ ತೆರೆದಿಟ್ಟು ಹಿಂದಿನ ಬ್ರೇಕಿನಿಂದಲೇ ಇದನ್ನು ಸಾಧಿಸಬೇಕು.

ಈ ಹಂತದ ದೊಡ್ಡ ತಪ್ಪು ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟುವುದು. ನಾನು ಮೊದಲ ಸಲ ಬಿದ್ದದ್ದು ಹಾಗೆಯೇ. ಪೆಟ್ರೋಲ್ ಬಂಕಿಗೆ ತಿರುಗುತ್ತಿದ್ದೆ, ವೇಗ ಹತ್ತೂ ಇರಲಿಲ್ಲ, ಸಾಲಿನಲ್ಲಿದ್ದ ಆಟೋ ಅರ್ಧ ಅಡಿ ಹಿಂದಕ್ಕೆ ಬಂದಂತಾಯಿತು, ಎರಡು ಬೆರಳು ತಾವಾಗಿಯೇ ಲಿವರನ್ನು ಎಳೆದವು. ಜಾರಿದ ಸದ್ದೂ ಬರಲಿಲ್ಲ. ಗಾಡಿ ದಣಿದ ಎಮ್ಮೆಯಂತೆ ಬಲಕ್ಕೆ ಮಲಗಿಬಿಟ್ಟಿತು. ಇಂಡಿಕೇಟರ್ ಒಡೆಯಿತು, ಬ್ರೇಕ್ ಲಿವರಿನ ತುದಿ ಬಾಗಿತು, ಪೆಟ್ರೋಲ್ ಹಾಕುವ ಹುಡುಗ ಪೈಪನ್ನು ಹಿಡಿದುಕೊಂಡೇ “ಸಾರ್, ಹಿಂದಿನ ಬ್ರೇಕು” ಎಂದ. ಆ ಎರಡು ಪದಗಳಲ್ಲಿ ಈ ಹಂತದ ಪಾಠವೆಲ್ಲ ಇದೆ.

## ಹಂತ 3: ತಿರುವು

ಸುಮಾರು 25 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಗಾಡಿ ತಿರುಗುವುದು ವಾಲುವುದರಿಂದ. ವಾಲಿಸುವ ದಾರಿ ಮೊದಲು ತಲೆಕೆಳಗಾದಂತೆ ಕಾಣುತ್ತದೆ: ಎಡಕ್ಕೆ ಹೋಗಬೇಕಾದರೆ ಎಡಗೈಯ ಹಿಡಿಯನ್ನು ಮುಂದಕ್ಕೆ ಒತ್ತಬೇಕು. ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಹೊರಳುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ಎಡಕ್ಕೆ ತಿರುಗುತ್ತದೆ. ಸೈಕಲ್ ಕಲಿತ ದಿನದಿಂದಲೂ ನೀವು ಇದನ್ನು ಅರಿಯದೆ ಮಾಡುತ್ತಿದ್ದೀರಿ. ಅರಿತು ಮಾಡಲು ಕಲಿಯದಿದ್ದರೆ, ದಿಢೀರನೆ ನಾಯಿ ಅಡ್ಡ ಬಂದಾಗ ಹ್ಯಾಂಡಲನ್ನು ತಪ್ಪಿಸಿಕೊಳ್ಳಬೇಕಾದ ಕಡೆಗೇ ತಿರುಗಿಸಲು ಹೋಗಿ ಗಾಡಿಯನ್ನು ನಾಯಿಯ ಮೇಲೆಯೇ ಕೊಂಡೊಯ್ಯುತ್ತೀರಿ.

ಖಾಲಿ ನೇರ ರಸ್ತೆಯಲ್ಲಿ 30ರ ವೇಗದಲ್ಲಿ ಹೋಗುತ್ತ, ಒಂದೊಂದು ಅಂಗೈಯಿಂದ ಹಗುರವಾಗಿ ಒತ್ತಿ ಗಾಡಿ ಯಾವ ಕಡೆ ಸರಿಯುತ್ತದೆ ಎಂದು ಗಮನಿಸುವುದು ಮೊದಲ ಅಭ್ಯಾಸ. ನಂತರ ಹನ್ನೆರಡು ಮೀಟರಿಗೊಂದು ಚೆಂಡಿಟ್ಟು ಹಾವಿನಂತೆ ನಡುವೆ ಸಾಗಿ. ಮೊಣಕೈ ಸಡಿಲವಾಗಿರಬೇಕು, ಬಿಗಿದ ಕೈ ಒತ್ತುವಾಗ ಇನ್ನೊಂದು ಕೈ ತಡೆಯುತ್ತಿರುತ್ತದೆ.

ರಸ್ತೆಯ ತಿರುವಿಗೆ ಬಂದಾಗ ಕ್ರಮ ಹೀಗೆ. ಗಾಡಿ ನೆಟ್ಟಗಿರುವಾಗಲೇ ಬ್ರೇಕ್ ಹಿಡಿದು ವೇಗ ಇಳಿಸಿ, ಗೇರನ್ನೂ ಆಗಲೇ ಇಳಿಸಿ. ತಲೆಯನ್ನು ತಿರುಗಿಸಿ ತಿರುವು ಮುಗಿಯುವ ಕಡೆ ನೋಡಿ. ಹಿಡಿಯನ್ನು ಒತ್ತಿ ವಾಲಿಸಿ. ವಾಲಿದ ಮೇಲೆ ಥ್ರಾಟಲನ್ನು ಮೆಲ್ಲನೆ, ಒಂದೇ ಸಮನೆ ತೆರೆಯುತ್ತ ಹೊರಬನ್ನಿ. ತಿರುವಿನೊಳಗೆ ಹೋದ ಮೇಲೆ ವೇಗ ಹೆಚ್ಚಾಯಿತೆಂದು ತಿಳಿಯುವುದು, ಗಾಬರಿಯಿಂದ ಥ್ರಾಟಲ್ ಮುಚ್ಚಿ ಬ್ರೇಕ್ ಕಚ್ಚುವುದು, ಗಾಡಿ ನೆಟ್ಟಗಾಗಿ ಎದುರು ಬದಿಗೆ ಹೋಗುವುದು, ಇದು ಹೊಸಬರು ಪದೇ ಪದೇ ಮಾಡಿಕೊಳ್ಳುವ ಅಪಘಾತ. ನಿಜವಾಗಿ ಆ ಕ್ಷಣದಲ್ಲಿ ಬಹುಪಾಲು ಗಾಡಿಗಳು ಇನ್ನೂ ವಾಲಬಲ್ಲವು. ಕಣ್ಣನ್ನು ದಾರಿಯತ್ತ ಹೊರಳಿಸಿ ಇನ್ನಷ್ಟು ಒತ್ತುವುದೇ ಪಾರಾಗುವ ದಾರಿ. ಎದುರಿನ ಲಾರಿಯನ್ನೋ ರಸ್ತೆಯಂಚಿನ ಕಲ್ಲನ್ನೋ ದಿಟ್ಟಿಸಿದರೆ ಗಾಡಿ ಅಲ್ಲಿಗೇ ಹೋಗುತ್ತದೆ.

## ಹಂತ 4: ದಿನದ ಸಂಚಾರ

ಮುಂದಿನ ವಾಹನ ಒಂದು ಕಂಬವನ್ನು ದಾಟಿದಾಗ “ಸಾವಿರದ ಒಂದು, ಸಾವಿರದ ಎರಡು” ಎಂದು ಎಣಿಸಿ. ಅದು ಮುಗಿಯುವ ಮೊದಲೇ ನೀವು ಕಂಬ ತಲುಪಿದರೆ ಅಂತರ ಸಾಲದು. ನಗರದಲ್ಲಿ ಆ ಅಂತರಕ್ಕೆ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಬಸ್ಸಿನ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ. ನಿಲ್ದಾಣದಿಂದ ಹೊರಡುವ ಬಸ್ಸಿನ ಎಡಬದಿಯಲ್ಲಿ ತೂರುವುದು, ಖಾಲಿ ಆಟೋದ ಬೆನ್ನಿಗೆ ಅಂಟಿಕೊಳ್ಳುವುದು, ನಿಂತ ಕಾರುಗಳ ಬಾಗಿಲಿಗೆ ತಾಗುವಷ್ಟು ಹತ್ತಿರ ಹೋಗುವುದು, ಇವು ಮೂರೂ ಬೀಳುವ ಹಾದಿಗಳು. ಖಾಲಿ ಆಟೋ ಕೈ ಬೀಸಿದವರನ್ನು ಕಂಡು ಯಾವ ಕ್ಷಣದಲ್ಲಾದರೂ ಎಡಕ್ಕೆ ಬರುತ್ತದೆ ಎಂದೇ ಲೆಕ್ಕ ಹಾಕಿರಿ.

ನಮ್ಮ ಹಂಪುಗಳಿಗೆ ಬಣ್ಣವಿರುವುದು ಅದೃಷ್ಟದ ಮಾತು. ಶಾಲೆ, ದೇವಸ್ಥಾನ, ಊರಿನ ಆರಂಭ, ಇಲ್ಲೆಲ್ಲ ಹಂಪ್ ಇದೆಯೆಂದೇ ಭಾವಿಸಿ. ಮುಂದಿನ ವಾಹನಗಳ ಬ್ರೇಕ್ ಲೈಟು ಒಂದೇ ಜಾಗದಲ್ಲಿ ಹೊತ್ತಿಕೊಳ್ಳುತ್ತಿದ್ದರೆ ಅದೂ ಹಂಪಿನ ಗುರುತೇ. ಬ್ರೇಕನ್ನು ಹಂಪಿಗೆ ಮೊದಲೇ ಹಿಡಿದು, ಮುಂದಿನ ಚಕ್ರ ಏರುವ ಹೊತ್ತಿಗೆ ಬಿಟ್ಟಿರಬೇಕು.

ಹೆದ್ದಾರಿಯ ಅಭ್ಯಾಸಕ್ಕೆಂದು ಬೆಂಗಳೂರು–ಮೈಸೂರು ರಸ್ತೆಗೆ ಹೋಗುವವರು ನೆನಪಿಡಬೇಕಾದ್ದು: 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ನಿಮ್ಮದು.

## ಹಂತ 5: ಮಳೆ, ಕತ್ತಲೆ, ಒಕ್ಕಣೆ

ಮಳೆಯ ಮೊದಲ ಅರ್ಧ ಗಂಟೆ ಅತಿ ಜಾರು, ಏಕೆಂದರೆ ರಸ್ತೆಗೆ ಅಂಟಿದ ಎಣ್ಣೆ, ದೂಳು ನೀರಿನ ಮೇಲೆ ತೇಲಿ ನಿಂತಿರುತ್ತದೆ. ಸಾಧ್ಯವಾದರೆ ಟೀ ಅಂಗಡಿಯಲ್ಲಿ ಆ ಹೊತ್ತು ಕಳೆಯುವುದು ಒಳ್ಳೆಯ ತಂತ್ರ. ಜೀಬ್ರಾ ಪಟ್ಟೆಗಳ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿಯ ಜಾಗದಲ್ಲಿ ಹಾಸಿದ ಕಬ್ಬಿಣದ ಹಲಗೆ, ಮಲೆನಾಡಿನ ರಸ್ತೆಯಂಚಿನ ಪಾಚಿ, ಇವುಗಳ ಮೇಲೆ ಗಾಡಿ ನೆಟ್ಟಗಿರಬೇಕು, ಬ್ರೇಕ್ ಮತ್ತು ಥ್ರಾಟಲ್ ಎರಡನ್ನೂ ಅಲುಗಿಸಬಾರದು. ರೈಲು ಹಳಿಯನ್ನು ಆದಷ್ಟು ನೇರ ಕೋನದಲ್ಲಿ ದಾಟಬೇಕು. ನೀರು ತುಂಬಿದ ಹೊಂಡದ ಆಳ ನಿಮಗೆ ಗೊತ್ತಿಲ್ಲ. ಮುಂದಿನ ವಾಹನದ ಚಕ್ರ ಹೋದ ಜಾಡಿನಲ್ಲೇ ಹೋಗಿ. ಹಂತ 1ರ ಅಭ್ಯಾಸವನ್ನು ಒದ್ದೆ ನೆಲದ ಮೇಲೆ 20ರ ವೇಗದಿಂದ ಮತ್ತೆ ಮಾಡಿ ಅಳೆದರೆ, ನೋಟ್‌ಬುಕ್ಕಿನ ಹಳೆಯ ಅಂಕಿಗಳೊಡನೆ ಹೋಲಿಸಿ ನೋಡಬಹುದು.

ಸುಗ್ಗಿಯ ತಿಂಗಳುಗಳಲ್ಲಿ ಬಯಲುಸೀಮೆಯ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಒಣಗಿದ ಹುರುಳಿ ಬಳ್ಳಿಯ ಮೇಲೆ ಬ್ರೇಕ್ ಹಿಡಿದರೆ ಟೈರಿಗೂ ಡಾಂಬರಿಗೂ ಸಂಬಂಧವೇ ಇರುವುದಿಲ್ಲ. ಬಳ್ಳಿ ಚೈನಿಗೂ ಸುತ್ತಿಕೊಳ್ಳಬಹುದು. ದೂರದಿಂದಲೇ ವೇಗ ಇಳಿಸಿ, ಬದಿಯಲ್ಲಿ ಜಾಗವಿದ್ದರೆ ಬಳಸಿ, ಇಲ್ಲದಿದ್ದರೆ ಮೊದಲ ಗೇರಿನಲ್ಲಿ ನೇರವಾಗಿ ದಾಟಿ.

ರಾತ್ರಿಯ ವೇಗವನ್ನು ನಿರ್ಧರಿಸುವುದು ನಿಮ್ಮ ಹೆಡ್‌ಲೈಟು: ಬೆಳಕು ಬಿದ್ದಷ್ಟು ದೂರದೊಳಗೆ ನಿಲ್ಲಿಸಲು ಆಗುವಷ್ಟೇ ವೇಗ. ಮಂಡ್ಯ ಕಡೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರುಗಳಿಗೆ ಹಿಂದಿನ ದೀಪ ಇರುವುದೇ ಅಪರೂಪ, ಕಬ್ಬಿನ ತುದಿಗಳು ಬೇರೆ ಹೊರಚಾಚಿರುತ್ತವೆ. ಎದುರಿನವರು ಹೈಬೀಮ್ ಹಾಕಿ ಕಣ್ಣು ಕೋರೈಸಿದರೆ ದೃಷ್ಟಿಯನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ಇಳಿಸಿ, ವೇಗ ತಗ್ಗಿಸಿ. ಗೀರು ಬಿದ್ದ ವೈಸರ್ ಹಗಲಿಗೆ ಸಾಕೆನಿಸಿದರೂ ರಾತ್ರಿ ಕುರುಡು ಮಾಡುತ್ತದೆ.

## ಹಿಂದಿನ ಹಂತಕ್ಕೆ ಮರಳಬೇಕಾದ ಲಕ್ಷಣಗಳು

ಘಾಟಿಗೆ ಹೋಗುವ ಮುನ್ನ ಇವನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ತಿರುವಿನ ನಡುವೆ ಬ್ರೇಕ್ ಹಿಡಿಯುವುದು ವಾರಕ್ಕೆ ಒಂದೆರಡು ಸಲವಾದರೂ ಆಗುತ್ತಿದ್ದರೆ ಹಂತ 3ಕ್ಕೆ ಮರಳಿ. ಅರ್ಧ ಗಂಟೆಗೇ ಅಂಗೈ ಜೋಮು ಹಿಡಿಯುತ್ತಿದ್ದರೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದೀರಿ ಎಂದರ್ಥ. “ಅವನು ಎಲ್ಲಿಂದ ಬಂದನೋ ಗೊತ್ತಾಗಲಿಲ್ಲ” ಎಂಬ ಮಾತು ನಿಮ್ಮ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಕಣ್ಣು ಹತ್ತಿರದಲ್ಲೇ ಇದೆ, ಹಂತ 4 ಮುಗಿದಿಲ್ಲ. ಗೆಳೆಯರ ಬೆನ್ನಟ್ಟುವಾಗ ನಿಮ್ಮ ವೇಗ ಏರುತ್ತಿದ್ದರೆ ಗುಂಪಿನ ಸವಾರಿಯನ್ನೇ ಕೆಲವು ತಿಂಗಳು ಬಿಡಿ.

## ಹಂತ 6: ಬೆಟ್ಟ, ಘಾಟಿ

ಮೊದಲ ಸಲ ಮೈಸೂರಿನ ಚಾಮುಂಡಿ ಬೆಟ್ಟದಂಥ ಗಿಡ್ಡ ಏರು ಸಾಕು, ಅದೂ ವಾರದ ನಡುವಿನ ಬೆಳಗ್ಗೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ, ಮಂಜು ಮುಸುಕುವ ಚಾರ್ಮಾಡಿ, ಲಾರಿಗಳ ಸಾಲಿನ ಶಿರಾಡಿ, ಇವು ಆಮೇಲೆ.

ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಚಟ ಪ್ರಾಣಕ್ಕೆ ಎರವಾಗುತ್ತದೆ. ಯಾವ ಗೇರಿನಲ್ಲಿ ಏರಿದಿರೋ ಹೆಚ್ಚುಕಡಿಮೆ ಅದರಲ್ಲೇ ಇಳಿಯಿರಿ. ಎಂಜಿನ್ ತಡೆದಷ್ಟು ಬ್ರೇಕಿಗೆ ಬಿಡುವು. ಬ್ರೇಕನ್ನು ಉದ್ದಕ್ಕೂ ಸವರುತ್ತ ಬರುವ ಬದಲು ಹಿಡಿದು ಬಿಟ್ಟು ಮಾಡಬೇಕು. ಲಿವರು ಮೆತ್ತಗಾದರೆ ಅಥವಾ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಿ. ಸ್ಕೂಟರುಗಳಲ್ಲಿ ಇದು ಬೇಗ ಆಗುತ್ತದೆ.

ಬಲ ತಿರುವಿನಲ್ಲಿ ಚಕ್ರ ನಿಮ್ಮ ಬದಿಯಲ್ಲೇ ಇದ್ದರೂ ವಾಲಿದ ತಲೆ ನಡುಗೆರೆಯನ್ನು ದಾಟಿರುತ್ತದೆ. ಎದುರಿನ ಬಸ್ಸಿನ ಮೂತಿ ಅಲ್ಲೇ ಇರುತ್ತದೆ. ಆದ್ದರಿಂದ ಬಲ ತಿರುವುಗಳಲ್ಲಿ ಎಡಕ್ಕೆ ಹೆಚ್ಚು ಜಾಗ ಬಿಟ್ಟುಕೊಳ್ಳದೆ ಎಡ ಅಂಚಿನತ್ತಲೇ ಇರಿ. ಇಕ್ಕಟ್ಟಾದ ಕಡೆ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ.

## ಹಂತ 7: ಹಿಂಬದಿ ಸವಾರರು

ಹಿಂದೆ ಒಬ್ಬರು ಕೂತರೆ ಗಾಡಿಯ ಮೂತಿ ಹಗುರಾಗುತ್ತದೆ, ಹೆಡ್‌ಲೈಟಿನ ಬೆಳಕು ಮೇಲೇರುತ್ತದೆ, ಬ್ರೇಕ್ ಹಿಡಿದಾಗ ಅವರ ಭಾರ ನಿಮ್ಮ ಬೆನ್ನಿಗೆ ಬರುತ್ತದೆ. ಹಿಂದಿನ ಟೈರಿನ ಗಾಳಿಯನ್ನು ಪುಸ್ತಕದಲ್ಲಿ ಇಬ್ಬರಿಗೆಂದು ಹೇಳಿದಷ್ಟಕ್ಕೆ ಏರಿಸಿ. ಮೊದಲ ಸಲ, ಬೈಕಿನಲ್ಲಿ ಕೂತು ರೂಢಿಯಿರುವವರನ್ನೇ ಕರೆದುಕೊಂಡು ಅಭ್ಯಾಸದ ಜಾಗಕ್ಕೆ ಹೋಗಿ, 20 ಮತ್ತು 30ರ ವೇಗದ ಬ್ರೇಕನ್ನು, ಯು-ಟರ್ನನ್ನು ಮತ್ತೆ ಮಾಡಿ.

ಹತ್ತುವ ಮೊದಲೇ ಅವರಿಗೆ ಐದು ಮಾತು ಹೇಳಿರಬೇಕು: ನಾನು ಎರಡೂ ಕಾಲು ಊರಿ “ಹತ್ತಿ” ಎಂದ ಮೇಲೆ ಹತ್ತಬೇಕು, ಎರಡೂ ಬದಿಗೆ ಕಾಲು ಹಾಕಿ ಕೂರಬೇಕು, ತಿರುವಿನಲ್ಲಿ ನನ್ನ ಒಳಭುಜದ ಮೇಲಿಂದ ನೋಡಬೇಕು, ಹೆದರಿ ಎದುರು ಬದಿಗೆ ವಾಲಬಾರದು, ನಿಲ್ಲಿಸಿದಾಗ ಕಾಲನ್ನು ಫುಟ್‌ರೆಸ್ಟಿನಿಂದ ತೆಗೆಯಬಾರದು. ಅವರಿಗೂ ಸರಿಯಾದ ಅಳತೆಯ ಹೆಲ್ಮೆಟ್ ಬೇಕು. ಸೀರೆಯ ಸೆರಗು, ದುಪ್ಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತಗಳು ನಮ್ಮಲ್ಲಿ ಹೊಸತಲ್ಲ. ಹೊರಡುವ ಮುನ್ನ ಅದನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿದ್ದಾರೆಯೇ ಎಂದು ಇಳಿದು ನೋಡಿ, ಸೀರೆ ಗಾರ್ಡ್ ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ.